ತಟ್ಟೆ ಕಾಣದಾಗುವ ಆಳ

ಕೆರೆ ಮಾಪನ ಕೇಂದ್ರ
ಫೆಬ್ರವರಿ 10

ಅಣ್ಣಾ,

ಈ ಸಲ ಒಳ್ಳೆಯ ಸುದ್ದಿಯಿಂದಲೇ ಶುರು ಮಾಡುತ್ತೇನೆ. ನಮ್ಮ ಊರಿನ ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಬಂತು! ಇನ್ನು ಅಮ್ಮ ವಾರಕ್ಕೆ ಎರಡು ಸಲ ನಸುಕಿನಲ್ಲಿ ಎದ್ದು, ಅರ್ಧ ದಿನ ಬಸ್ಸಿನಲ್ಲಿ ಕುಲುಕಾಡಿಕೊಂಡು ದೊಡ್ಡಾಸ್ಪತ್ರೆಗೆ ಹೋಗಬೇಕಾಗಿಲ್ಲ. ಮನೆಯಿಂದ ನಡೆದೇ ಹೋಗಬಹುದು. ಅವಳ ಖುಷಿ ನೋಡಬೇಕಿತ್ತು. ಮೊದಲ ದಿನ ಮದುವೆಗೆ ಹೊರಟವಳ ಹಾಗೆ ಸಿಂಗಾರ ಮಾಡಿಕೊಂಡಳು. ಪಕ್ಕದ ಮಂಚದಲ್ಲಿ ನಮ್ಮ ಹಳೆಯ ಅಂಚೆ ಮೇಷ್ಟ್ರು. ಇಬ್ಬರೂ ಮಲಗಿಕೊಂಡೇ ಊರಿನವರ ಕಾಲೆಳೆಯುತ್ತಾರೆ.

ಯಂತ್ರ ನಮ್ಮ ಊರಿಗೇ ಯಾಕೆ ಸಿಕ್ಕಿತು ಗೊತ್ತಾ? ನಮ್ಮ ಕೆರೆಯಿಂದ. ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಒಬ್ಬರ ರಕ್ತ ಒಂದು ಸಲ ತೊಳೆಯಲು ಡ್ರಮ್ಮುಗಟ್ಟಲೆ ನೀರು ಬೇಕಂತೆ. ರಕ್ತಕ್ಕೂ ನೀರಿಗೂ ನಡುವೆ ಇರುವುದು ಒಂದು ತೆಳು ಪೊರೆ ಮಾತ್ರ. "ನಿಮ್ಮ ಕೆರೆಯಷ್ಟು ತಿಳಿ ನೀರು ಸುತ್ತಮುತ್ತ ಎಲ್ಲೂ ಇಲ್ಲ ಕಣ್ರೀ," ಎಂದರು. ದಿನಾ ನಾನು ಗಂಟು ಹಾಕಿದ ಹಗ್ಗಕ್ಕೆ ಬಿಳಿ ತಟ್ಟೆ ಕಟ್ಟಿ ಇಳಿಸಿ, ಎಷ್ಟನೇ ಗಂಟಿನವರೆಗೆ ಕಾಣುತ್ತದೆ ಎಂದು ಅಳೆಯುವ ನೀರು ಅಮ್ಮನ ರಕ್ತದ ಪಕ್ಕದಲ್ಲೇ ಹರಿಯುತ್ತದೆ ಎಂದು ನೆನೆದರೆ ಈ ಒಂಟಿ ಕೇಂದ್ರದ ಕೆಲಸಕ್ಕೂ ಒಂದು ಅರ್ಥ ಬಂದಂತಾಯಿತು. ಅಮ್ಮನಿಗೆ ಮಾತ್ರ ಕುಡಿಯುವುದಕ್ಕೆ ಲೋಟದ ಲೆಕ್ಕ. "ಕೆರೆ ದಡದಲ್ಲಿ ಹುಟ್ಟಿ, ಕೆರೆ ದಡದಲ್ಲಿ ಬೆಳೆದು, ಈಗ ಗುಟುಕು ನೀರಿಗೆ ಮಗಳ ಮುಖ ನೋಡ್ಬೇಕು," ಎಂದು ಗೊಣಗುತ್ತಾಳೆ.

ಈಗ ಕೆಲಸದ ಮಾತು. ನೀರು ಮಂಡಳಿಯ ನಮ್ಮ ಸಾಹೇಬರು ನಿನ್ನನ್ನು ಕೇಳಲು ಹೇಳಿದ್ದಾರೆ. ಒಂದು ಮೀನಿನ ಕಂಪನಿ ಈ ಬೇಸಿಗೆಯಲ್ಲಿ ನಡುಕೆರೆಯ ದೊಡ್ಡ ಮೀನುಗಳನ್ನು ಹಿಡಿಯಲು ಅನುಮತಿ ಬೇಡಿದೆ. ಅದೇ, ದೋಣಿಯವರು 'ಯಜಮಾನ' ಎಂದು ಕರೆಯುವ ಮೀನು. ಆಳದಲ್ಲಿ ಓಡಾಡಿಕೊಂಡು, ಮನುಷ್ಯರ ಹಾಗೆ ವರ್ಷಗಟ್ಟಲೆ ಬದುಕುವಂಥದ್ದು. "ನಿಮ್ಮಣ್ಣ ಪರದೇಶದಲ್ಲಿ ಕೂತ್ಕೊಂಡು ಕೆರೆ, ಕಾಡಿನ ಲೆಕ್ಕಾನೇ ಮಾಡ್ತಾರಂತಲ್ಲಮ್ಮ, ಒಂದು ಅಭಿಪ್ರಾಯ ಬರೆಸಿಕೊಡಿ," ಎಂದರು. ಹಿಂದಿನ ವರ್ಷಗಳ ಅಂಕಿಗಳೆಲ್ಲ ಹೇಗೂ ನಿನ್ನ ಹತ್ತಿರ ಇವೆ.

ಉತ್ತರ ಮನೆಯ ವಿಳಾಸಕ್ಕೇ ಬರೆ. ಕೇಂದ್ರಕ್ಕೆ ಬರುವ ಕಾಗದ ಸಾಹೇಬರ ಮೇಜು ದಾಟಿಯೇ ನನಗೆ ಸಿಗುವುದು. ಅಮ್ಮನ ಬಗ್ಗೆ ನೀನು ಬರೆಯುವ ಅಳುಬುರುಕ ಸಾಲುಗಳನ್ನು ಅವರು ಓದುವುದು ನನಗೆ ಬೇಡ.

ನಿನ್ನ
ಚೂಟಿ


ಫೆಬ್ರವರಿ 28

ಚೂಟಿ,

ನಿನ್ನ ಕಾಗದ ಓದಿ ಕಣ್ಣು ತುಂಬಿತು. ಅಳುಬುರುಕ ಎಂದೆಯಲ್ಲ, ಹೌದು, ಏನೀಗ? ಅಮ್ಮನ ಬಸ್ಸಿನ ಓಡಾಟ ನೆನೆದಾಗಲೆಲ್ಲ ಇಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ನಾನು ಇಷ್ಟು ದೂರ, ಎಲ್ಲ ಭಾರ ನಿನ್ನ ತಲೆಯ ಮೇಲೆ. ಅವಳಿಗಾಗಿ ನಾನೂ ಏನಾದರೂ ಮಾಡಬೇಕು ಎಂದುಕೊಳ್ಳುತ್ತಲೇ ಇರುತ್ತೇನೆ. ಈಗ ನಮ್ಮ ಕೆರೆಯ ಲೆಕ್ಕವಾದರೂ ಸಿಕ್ಕಿತು.

ನಿನ್ನ ಸಾಹೇಬರಿಗೆ ಬೇರೆ ಬರೆಯುತ್ತೇನೆ. ನಿನಗೆ ಬಿಡಿಸಿ ಹೇಳುತ್ತೇನೆ, ಕೇಳು. ಕೆರೆಯಲ್ಲೂ ಮೇಲು ಕೆಳಗು ಇದೆ. ಹಾಗೆಂದು ಅದು ನಿಮ್ಮ ಮಂಡಳಿಯ ಹಾಗಲ್ಲ. ಅಲ್ಲಿ ಯಾರೂ ಯಾರಿಗೂ ಆಜ್ಞೆ ಕೊಡುವುದಿಲ್ಲ. ಮೇಲಿರುವುದು ನಿಧಾನ, ಕೆಳಗಿರುವುದು ವೇಗ, ಅಷ್ಟೇ. ಪಾಚಿಯ ಒಂದು ಕಣದ ಆಯಸ್ಸು ಕೆಲವು ದಿನ. ಅದನ್ನು ತಿನ್ನುವ ನೀರುಹುಳು ಕೆಲವು ವಾರ ಇರುತ್ತದೆ. ಹುಳುವನ್ನು ತಿನ್ನುವ ಸಣ್ಣ ಮೀನು ಒಂದೆರಡು ವರ್ಷ. ಸಣ್ಣ ಮೀನನ್ನು ತಿನ್ನುವ ನಿನ್ನ ಯಜಮಾನ ಇಪ್ಪತ್ತು ಮೂವತ್ತು ವರ್ಷ. ನಿಧಾನವಾಗಿರುವುದು ವೇಗವಾಗಿರುವುದನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಮೇಲಿನ ಮೆಟ್ಟಿಲು ಕಳಚಿದರೆ ಒಂದೇ ಬೇಸಿಗೆಯಲ್ಲಿ ಕೆಳಗಿನದು ಉಕ್ಕಿ ಬರಬಹುದು. ಬರದೆಯೂ ಇರಬಹುದು. ಇಂಥ ವ್ಯವಸ್ಥೆಗಳಲ್ಲಿ ಆರಂಭದ ಒಂದು ಕೂದಲೆಳೆಯ ವ್ಯತ್ಯಾಸ ಬೆಟ್ಟವಾಗಿ ಬೆಳೆಯುತ್ತದೆ. ಅದಕ್ಕೇ ನಮ್ಮ ಹೊಟ್ಟೆಪಾಡು ನಡೆಯುತ್ತಿರುವುದು!

ನಿನ್ನ ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿ, ದೊಡ್ಡ ಮೀನು ಕಡಿಮೆ ಮಾಡಿ, ಹಲವು ಸಲ ಓಡಿಸಿದೆ. ಕೆರೆ ತಿಳಿಯಾಗಿಯೇ ಉಳಿಯಿತು. ಒಂದು ಸಲ ಮಾತ್ರ ಎಲ್ಲ ಹಸಿರಾಗಿಬಿಟ್ಟಿತು. ನಾನೇ ಎಲ್ಲೋ ಬೆರಳು ತಪ್ಪಿ ಒತ್ತಿರಬೇಕು. ಮತ್ತೆ ಓಡಿಸಿದೆ, ಸರಿಹೋಯಿತು.

ಅಷ್ಟು ಧೈರ್ಯ ಬರಲು ನಿನ್ನ ಅಂಕಿಗಳೇ ಕಾರಣ. ಗಾಳಿ ಬಂದರೂ ಮಳೆ ಬಂದರೂ ನಮ್ಮ ಕೆರೆ ಕದಲುವುದೇ ಇಲ್ಲವಲ್ಲೇ! ಮೊದಲ ವರ್ಷ ನೀನು ಕಳಿಸಿದ್ದನ್ನು ನೆನೆಸಿಕೋ. ಒಂದು ದಿನ ಏಳನೇ ಗಂಟು, ಮರುದಿನ ಹನ್ನೊಂದು, ಅದರ ಮರುದಿನ ಎಂಟು. ತಟ್ಟೆ ಓರೆಯಾಗಿರುತ್ತದೆ, ಮೋಡ ಅಡ್ಡ ಬಂದಿರುತ್ತದೆ, ಹೊಂದದ ಅಂಕಿ ಬಂದರೆ ಇನ್ನೊಮ್ಮೆ ಇಳಿಸಿ ನೋಡು ಎಂದು ಬೈದಿದ್ದೆ. ನೀನು ಮೂರು ವಾರ ಕಾಗದ ಬರೆಯದೆ ಮುನಿಸಿಕೊಂಡಿದ್ದೆ. ಬೈದದ್ದು ಒಳ್ಳೆಯದೇ ಆಯಿತು, ಒಪ್ಪಿಕೋ. ನಮ್ಮ ವಿಭಾಗದ ಹಿರಿಯರಿಗೆ ಈಗಿನ ಅಂಕಿ ತೋರಿಸಿದೆ. "ಯಾರು ಅಳೆದದ್ದು? ಎಷ್ಟು ಅಚ್ಚುಕಟ್ಟು!" ಎಂದರು. ನನ್ನ ತಂಗಿ ಎಂದು ಎದೆಯುಬ್ಬಿಸಿ ಹೇಳಿದೆ.

ದೊಡ್ಡ ಮೀನು ಹಿಡಿದರೂ ಕೆರೆಗೆ ಧಕ್ಕೆಯಿಲ್ಲ ಎಂದು ಬರೆದು, ಸಹಿ ಮಾಡಿ ಇವತ್ತೇ ಸಾಹೇಬರಿಗೆ ಕಳಿಸುತ್ತಿದ್ದೇನೆ. ಅಮ್ಮನಿಗೆ ಒಂದು ಗುಟುಕು ನೀರು ನನ್ನ ಲೆಕ್ಕದಲ್ಲಿ ಹೆಚ್ಚು ಕೊಡು.

ಅಣ್ಣ


ಏಪ್ರಿಲ್ 14

ಅಣ್ಣಾ,

ನಿನ್ನ ಅಭಿಪ್ರಾಯ ಪತ್ರಕ್ಕೆ ಸಾಹೇಬರು ಕಟ್ಟು ಹಾಕಿಸಿ ಕುರ್ಚಿಯ ಹಿಂದೆ ಗೋಡೆಗೆ ನೇತುಹಾಕಿದ್ದಾರೆ. ಹೋದವರಿಗೆಲ್ಲ ತೋರಿಸುತ್ತಾರೆ. ಅಮ್ಮನಿಗೂ ಒಂದು ನಕಲು ಕೊಟ್ಟೆ. ಅವಳಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಕೊನೆಯಲ್ಲಿ ನಿನ್ನ ಸಹಿಯ ಬಾಲವನ್ನು ಬೆರಳಿನಲ್ಲಿ ಸವರಿ ನೋಡಿದಳು. "ಏಳನೇ ಕ್ಲಾಸಿನಲ್ಲೂ ಇವನು ಹೀಗೇ ಬಾಲ ಎಳೀತಿದ್ದ," ಎಂದು ಅಂಚೆ ಮೇಷ್ಟ್ರಿಗೆ ತೋರಿಸಿದಳು. ಅವರು, "ಸಹಿಯಲ್ಲಿ ಇಷ್ಟುದ್ದ ಬಾಲ ಇರೋವ್ನು ಸೀದಾ ಮನುಷ್ಯ ಅಲ್ಲಮ್ಮ," ಎಂದು ರೇಗಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳುತ್ತಾರೆಯೇ? ಕಾಗದವನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ಬಲೆ ಬಿದ್ದು ಮೂರು ವಾರವಾಯಿತು. ಯಜಮಾನರನ್ನು ದಡಕ್ಕೆ ತಂದು ಸಾಲಾಗಿ ಮಲಗಿಸುತ್ತಾರೆ. ಒಂದೊಂದೂ ನನ್ನ ಭುಜದ ತನಕ ಬರುತ್ತದೆ. ಮೊದಲ ದಿನ ನೋಡಿ ಬಂದೆ, ಆಮೇಲೆ ಹೋಗಲಿಲ್ಲ. ದೋಣಿಯವನು ಹೇಳಿದ ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿದಿದೆ. ಅವನ ತಾತನ ಕಾಲದಲ್ಲಿ ಈ ಮೀನು ಬಲೆಗೆ ಬಿದ್ದರೆ ಬಿಟ್ಟುಬಿಡುತ್ತಿದ್ದರಂತೆ. ಯಾಕೆಂದು ಕೇಳಿದರೆ, "ಯಾಕೇಂತ ಯಾರಿಗ್ಗೊತ್ತು? ಬಿಡ್ತಿದ್ರು, ಅಷ್ಟೇ," ಎಂದ.

ಕಟ್ಟೆಯ ಬುಡದಲ್ಲಿ ಈಗ ಸಣ್ಣ ಮೀನುಗಳ ಜಾತ್ರೆ. ಕೈ ಅದ್ದಿದರೆ ಬೆರಳಿಗೇ ಮುತ್ತಿಕೊಳ್ಳುತ್ತವೆ. ನಾನು ಬ್ರೆಡ್ಡಿನ ಚೂರು ಹಾಕಿ ಆಟ ನೋಡುತ್ತೇನೆ. ಸೀಸೆಯಲ್ಲಿ ನೀರು ಹಿಡಿದು ಬೆಳಕಿಗೆ ಹಿಡಿದರೆ ಕುಣಿಯುತ್ತಿದ್ದ ಆ ನೀರುಹುಳುಗಳು ಮಾತ್ರ ಈಚೆಗೆ ಕಾಣುವುದಿಲ್ಲ. ನೀರು ಇನ್ನೂ ಶುದ್ಧವಾಯಿತು ಎಂದುಕೊಂಡೆ.

ಈ ತಿಂಗಳ ಅಂಕಿಗಳು ಜೊತೆಯಲ್ಲಿವೆ. ಹತ್ತನೇ ಗಂಟಿನ ಆಸುಪಾಸು ಬಿಟ್ಟು ಕದಲಿಲ್ಲ. ಮೆಚ್ಚಿಕೊಂಡು ಎರಡು ಸಾಲು ಬರೆ.

ಚೂಟಿ


ಮೇ 2

ಚೂಟಿ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಕೆರೆಯ ಲೆಕ್ಕವನ್ನು ಒಂದು ಸಮ್ಮೇಳನದಲ್ಲಿ ಓದಿ ಬಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಮಾತ್ರ ತಟ್ಟಲಿಲ್ಲ. ಜೀವಮಾನವೆಲ್ಲ ಕೆಟ್ಟುಹೋದ ಕೆರೆಗಳನ್ನೇ ಓದಿದವರು, ನಮ್ಮ ಅಮ್ಮನ ವಯಸ್ಸಿನವರು. ಚಹಾ ಕುಡಿಯುವಾಗ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು. "ದೊಡ್ಡ ಗಾಳಿ ಬೀಸಿ ನೀರು ಕದಡಿದ ಮೇಲೆ ನಿಮ್ಮ ಕೆರೆ ಮತ್ತೆ ತಿಳಿಯಾಗೋಕೆ ಎಷ್ಟು ಹೊತ್ತು ಹಿಡಿಯುತ್ತೆ?"

ಯಾಕೆಂದು ಕೇಳಿದೆ. ಅವರ ಮಾತನ್ನು ಹಾಗೇ ಬರೆಯುತ್ತೇನೆ. ಗಟ್ಟಿ ಆಳಿಗೆ ಜ್ವರ ಬಂದರೆ ಎರಡು ದಿನದಲ್ಲಿ ಎದ್ದು ಕೂರುತ್ತಾನೆ. ಒಳಗೆ ಸವೆದವನಿಗೆ ಅದೇ ಜ್ವರ ವಾರಗಟ್ಟಲೆ ಬಿಡುವುದಿಲ್ಲ. ಕೆರೆಯೂ ಹಾಗೇ. ತಿರುಗಿ ಬೀಳುವ ಮೊದಲು ಅದು ಕೂಗಿ ಹೇಳುವುದಿಲ್ಲ. ಸಣ್ಣ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ತಡವಾಗುತ್ತಾ ಹೋಗುತ್ತದೆ, ಅಂಕಿಗಳು ದಿನದಿಂದ ದಿನಕ್ಕೆ ಓಲಾಡುತ್ತವೆ. ಇದೊಂದೇ ಮುನ್ಸೂಚನೆ. ಆಮೇಲೆ ಒಂದು ವಾರದಲ್ಲಿ ಎಲ್ಲ ಮುಗಿದುಹೋಗುತ್ತದೆ, ಮತ್ತೆ ದೊಡ್ಡ ಮೀನು ತಂದು ಬಿಟ್ಟರೂ ಹಳೆಯ ಕೆರೆ ಮರಳಿ ಬರುವುದಿಲ್ಲ.

ನಾನು ನಿನ್ನ ಅಂಕಿಗಳ ಹಾಳೆ ಬಿಡಿಸಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನನ್ನ ಜೀವಮಾನದಲ್ಲಿ ಇಷ್ಟು ಸಮಾಧಾನದ ಕೆರೆ ನೋಡಿಲ್ಲ," ಎಂದು ಹಾಳೆ ಮಡಿಸಿ ಕೊಟ್ಟರು. ನನಗೆ ಅದು ಹೊಗಳಿಕೆ ಎನ್ನಿಸಿತು. ರೈಲಿನಲ್ಲಿ ಬರುವಾಗ ಅಷ್ಟು ಖಚಿತವಿರಲಿಲ್ಲ.

ಏನೂ ಇಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ಗಾಳಿ ಬೀಸಿದ ಮೇಲೆ ತಟ್ಟೆ ಹಳೆಯ ಗಂಟಿಗೆ ಮರಳಲು ಎಷ್ಟು ಹೊತ್ತು ಬೇಕಾಗುತ್ತದೆ? ನಿನ್ನ ಅಂಕಿ ನೋಡಿದರೆ ಹೊತ್ತೇ ಬೇಕಾಗುವುದಿಲ್ಲ ಎನ್ನಿಸುತ್ತದೆ. ಅಮ್ಮನ ಆರೋಗ್ಯದ ಬಗ್ಗೆ ಈ ಸಲ ನೀನು ಏನೂ ಬರೆದಿಲ್ಲ.

ಅಣ್ಣ


ಮೇ 20

ಅಣ್ಣಾ,

ಚಪ್ಪಾಳೆ ನಿನಗೆ, ಕಣ್ಣುನೋವು ನನಗೆ. ಇರಲಿ, ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಆಗಲಾದರೂ ನನ್ನ ಕಷ್ಟ ತಿಳಿಯಲಿ.

ಅಚ್ಚುಕಟ್ಟು ಅಂಕಿ ಎಂದರೆ ಮರದಿಂದ ಉದುರುತ್ತದೆ ಎಂದುಕೊಂಡೆಯಾ? ನೀನು ಬೈದ ದಿನದಿಂದ ನಾನು ಒಂದು ವ್ರತ ಹಿಡಿದಿದ್ದೇನೆ. ಬೆಳಿಗ್ಗೆ ತಟ್ಟೆ ಇಳಿಸುತ್ತೇನೆ. ಅಂಕಿ ಹಿಂದಿನದಕ್ಕೆ ಹೊಂದಿದರೆ ಬರೆದುಕೊಳ್ಳುತ್ತೇನೆ. ಹೊಂದದಿದ್ದರೆ ಬರೆಯುವುದೇ ಇಲ್ಲ. ಮಧ್ಯಾಹ್ನ ಮತ್ತೆ ಇಳಿಸುತ್ತೇನೆ, ಆಗಲೂ ಹೊಂದದಿದ್ದರೆ ಸಂಜೆ. ಹೊಂದಿದ ಮೇಲೆಯೇ ಆ ದಿನದ ಲೆಕ್ಕಕ್ಕೆ, ಕಾದ ದಿನಗಳಿದ್ದರೆ ಅವಕ್ಕೂ, ಅದನ್ನು ಹಾಕುವುದು. ಮೊದಲ ವರ್ಷಗಳಲ್ಲಿ ಎರಡನೇ ಸಲಕ್ಕೇ ಸರಿಹೋಗುತ್ತಿತ್ತು. ಹೋದ ಚಳಿಗಾಲದಿಂದ ಸಂಜೆಯವರೆಗೂ ಕಾಯಬೇಕಾಗಿ ಬಂತು. ಬಲೆ ಬಿದ್ದ ಮೇಲಂತೂ ಕೇಳಬೇಡ, ಒಂದು ಗಾಳಿ ಬೀಸಿದರೆ ಮೂರು ದಿನ, ನಾಲ್ಕು ದಿನ ದೋಣಿಯಲ್ಲಿ ಕೂತು ಕಾಯುತ್ತೇನೆ. ಸೊಂಟ ಬಿದ್ದುಹೋಗಿದೆ. ಆದರೂ ನಿನಗೆ ಒಂದೇ ಒಂದು ಒರಟು ಅಂಕಿ ಕಳಿಸಿಲ್ಲ, ಗೊತ್ತಿರಲಿ. ನಿನ್ನ ವಿಭಾಗದ ಹಿರಿಯರಿಗೆ ಇದನ್ನೂ ಹೇಳು.

ಅಮ್ಮ ಚೆನ್ನಾಗಿದ್ದಾಳೆ. ಆಸ್ಪತ್ರೆಯಿಂದ ಬಂದ ದಿನ ಸ್ವಲ್ಪ ತಲೆನೋವು ಎನ್ನುತ್ತಾಳೆ, ಅಷ್ಟೇ. ಅಂಚೆ ಮೇಷ್ಟ್ರಿಗೂ ಹಾಗೇ ಆಗುತ್ತದಂತೆ. ಹರಟೆ ಹೆಚ್ಚಾಗಿ ಇಬ್ಬರಿಗೂ ತಲೆನೋವು ಬಂದಿದೆ ಎಂದು ನರ್ಸ್ ನಗುತ್ತಾಳೆ. ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಒಂದು ಬೇಸರದ ಸುದ್ದಿ. ದೋಣಿಯವನ ನಾಯಿ ಸತ್ತುಹೋಯಿತು. ಹಿಂದಿನ ದಿನ ಚೆನ್ನಾಗಿಯೇ ಇತ್ತು. ಕಟ್ಟೆಯ ಮೂಲೆಯಲ್ಲಿ ಗಾಳಿಗೆ ತೇಲಿಬಂದು ಕೂಡಿಕೊಂಡ ಹಸಿರು ಕೆನೆಯಲ್ಲಿ ಹೊರಳಾಡಿ, ಮೈಯೆಲ್ಲ ನೆಕ್ಕಿಕೊಂಡಿತು. ಮರುದಿನ ಬೆಳಿಗ್ಗೆ ಎದ್ದೇಳಲಿಲ್ಲ. ದೋಣಿಯವನು ತಾನೇ ಗುಂಡಿ ತೋಡಿ ಅದನ್ನು ಮಣ್ಣು ಮಾಡಿದ. ನಾನೂ ಈಗ ಕಟ್ಟೆಯ ಆ ಮೂಲೆ ಬಿಟ್ಟು ಸುತ್ತುಹಾಕಿಕೊಂಡು ಹೋಗುತ್ತೇನೆ.

ಚೂಟಿ


ಜೂನ್ 4

ಅಣ್ಣಾ,

ನಿನ್ನ ಉತ್ತರ ಬರುವ ಮೊದಲೇ ಇನ್ನೊಂದು ಕಾಗದ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ, ಯಾರಿಗಾದರೂ ಬರೆಯಬೇಕೆನಿಸಿತು.

ಹೋದ ವಾರ ಕೆರೆ ಹಸಿರಾಯಿತು. ನಿಧಾನವಾಗಿ ಅಲ್ಲ. ಶನಿವಾರ ಹೊಂದುವ ಅಂಕಿಗಾಗಿ ಕಾಯುತ್ತಿದ್ದೆ, ಬುಧವಾರ ದಡದಿಂದ ದಡಕ್ಕೆ ಬಣ್ಣ ಬಳಿದಂತಾಗಿತ್ತು. ಕೊಳಾಯಿ ನೀರಿಗೆ ಮಣ್ಣಿನ ವಾಸನೆ. ಒಗೆದ ಟವೆಲ್ಲಿನಲ್ಲೂ ಅದೇ ವಾಸನೆ. ಊರಿನವರು ಮಂಡಳಿಯ ಮುಂದೆ ಸೇರಿದರು. ಸಾಹೇಬರು ಹೊರಗೆ ಬಂದು ಗೋಡೆಯ ಮೇಲಿನ ನಿನ್ನ ಪತ್ರವನ್ನೇ ಕಿತ್ತು ತಂದು ಓದಿ ಹೇಳಿದರು. "ತಜ್ಞರೇ ಬರೆದಿದ್ದಾರೆ ನೋಡಿ, ಕೆರೆ ಗಟ್ಟಿಯಾಗಿದೆ ಅಂತ. ಇದು ಬಿಸಿಲಿನ ಬಾಧೆ ಕಣ್ರಪ್ಪಾ." ಜನ ಗೊಣಗುತ್ತಾ ಚದುರಿದರು.

ಆಮೇಲೆ ಅವರೇ ಲಾರಿಯಲ್ಲಿ ಮೈಲುತುತ್ತದ ಚೀಲಗಳನ್ನು ತರಿಸಿ ಕೆರೆಗೆ ಸುರಿಸಿದರು. ಆ ನೀಲಿ ಪುಡಿ ಬಿದ್ದಲ್ಲೆಲ್ಲ ಪಾಚಿ ಸತ್ತು ತಳಕ್ಕೆ ಇಳಿಯಿತು. ಮೂರೇ ದಿನದಲ್ಲಿ ನೀರು ಮೊದಲಿನಂತಾಯಿತು! ಇವತ್ತು ಬೆಳಿಗ್ಗೆ ತಟ್ಟೆ ಒಂಬತ್ತನೇ ಗಂಟಿನವರೆಗೂ ಕಾಣುತ್ತಿತ್ತು. ಸಾಹೇಬರನ್ನು ನಾವು ಎಷ್ಟು ಬೈದುಕೊಂಡರೂ ಕೆಲಸ ಗೊತ್ತಿರುವ ಮನುಷ್ಯ. ಎಲ್ಲ ಸರಿಹೋಯಿತು ಎಂದು ನಾನೇ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನಿಗೆ ಹೇಳಿ ಬಂದೆ. ಅವರು ಹೊರಗಿನಿಂದ ಟ್ಯಾಂಕರ್ ನೀರು ತರಿಸುವ ಯೋಚನೆಯಲ್ಲಿದ್ದರು, ಅದನ್ನು ಬಿಟ್ಟರು.

ಅಮ್ಮನ ಬಗ್ಗೆ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಇವತ್ತು ಆಸ್ಪತ್ರೆಯಿಂದ ಬಂದ ಮೇಲೆ ವಾಂತಿ ಮಾಡಿಕೊಂಡಳು. ಕಣ್ಣು ಮಂಜು ಎನ್ನುತ್ತಾಳೆ. ವಯಸ್ಸಾಯಿತಲ್ಲ. ಸೋಮವಾರ ಮತ್ತೆ ಹೋಗಬೇಕು, ಆಗ ಡಾಕ್ಟರಮ್ಮನಿಗೆ ತೋರಿಸುತ್ತೇನೆ.

ಚೂಟಿ


ಜೂನ್ 6

ಚೂಟಿ,

ನಿನ್ನ ಮೇ ಇಪ್ಪತ್ತರ ಕಾಗದ ಈಗ ಸಿಕ್ಕಿತು. ಈ ಕಾಗದ ತಲುಪುವ ಹೊತ್ತಿಗೆ ತಡವಾಗಿರುತ್ತದೆ, ಊರಿಗೆ ಫೋನ್ ಸಾಲು ಸಿಗಲಿಲ್ಲ, ಅದಕ್ಕೇ ಈಗ ಓಡಿ ಹೋಗಿ ತಂತಿ ಕೊಟ್ಟು ಬಂದೆ. ಮನೆಗೊಂದು, ಕೇಂದ್ರಕ್ಕೊಂದು. ಆದರೂ ಬರೆಯುತ್ತೇನೆ. ತಂತಿಯಲ್ಲಿ ಕಾರಣ ಹೇಳಲು ಆಗುವುದಿಲ್ಲ.

ನೀನು ಬಿಸಾಡಿದ ಅಂಕಿಗಳೇ ಕೆರೆಯ ಮಾತು. ಹೊಂದದ ಒಂದೊಂದು ಅಂಕಿಯಲ್ಲೂ ಕೆರೆ ತಾನು ಸವೆಯುತ್ತಿದ್ದೇನೆ ಎಂದು ಹೇಳುತ್ತಿತ್ತು. ಎರಡನೇ ಸಲಕ್ಕೆ ಸರಿಹೋಗುತ್ತಿದ್ದದ್ದು ಸಂಜೆಯಾಯಿತು, ಸಂಜೆ ಹೋಗಿ ನಾಲ್ಕು ದಿನವಾಯಿತು ಎಂದು ಬರೆದೆಯಲ್ಲ, ಆ ಹೆಂಗಸು ನನ್ನನ್ನು ಕೇಳಿದ್ದು ಅದನ್ನೇ. ನೀನು ದೋಣಿಯಲ್ಲಿ ಕೂತು ಸೊಂಟ ಮುರಿದುಕೊಂಡು ಕಾಯುತ್ತಿದ್ದದ್ದೇ ಮುನ್ಸೂಚನೆ. ನನಗೆ ತಲುಪಿದ್ದು ಉಳಿದ ನಯ ಮಾತ್ರ. ನಿನ್ನ ತಪ್ಪಲ್ಲ. ಹಾಗೆ ಮಾಡಲು ಹೇಳಿದವನು ನಾನು. ಹಸಿರಾಗಿ ಬಂದ ಆ ಒಂದು ಲೆಕ್ಕವನ್ನು ಅಳಿಸಿ ಮತ್ತೆ ಓಡಿಸಿದವನೂ ನಾನೇ.

ಆ ಹೆಂಗಸಿಗೆ ಫೋನ್ ಮಾಡಿ ನಾಯಿಯ ವಿಷಯ ಹೇಳಿದೆ. "ಆ ನೀರು ಯಾರ ಮೈಗೂ ಹೋಗಬಾರದು," ಎಂದರು. ಕೆಲವು ಪಾಚಿಗಳಲ್ಲಿ ವಿಷವಿರುತ್ತದೆ. ಕುದಿಸಿದರೂ ಹೋಗುವುದಿಲ್ಲ. ಆ ಯಂತ್ರದ ಪೊರೆ ಅದನ್ನು ತಡೆಯುತ್ತದೆ ಎಂದು ನಂಬುವಂತಿಲ್ಲ. ಒಂದು ಮಾತು ಚೆನ್ನಾಗಿ ನೆನಪಿಟ್ಟುಕೋ. ಕೆರೆ ಹಸಿರಾದರೆ ಯಾವ ಕಾರಣಕ್ಕೂ ಮೈಲುತುತ್ತ ಹಾಕಲು ಬಿಡಬೇಡ. ಪಾಚಿ ಬದುಕಿರುವವರೆಗೆ ವಿಷವನ್ನು ಬಹುಪಾಲು ಒಳಗೇ ಇಟ್ಟುಕೊಂಡಿರುತ್ತದೆ. ಸತ್ತಾಗ ಒಡೆದು, ಎಲ್ಲವನ್ನೂ ನೀರಿಗೆ ಬಿಟ್ಟುಬಿಡುತ್ತದೆ. ನೀರು ಕಣ್ಣಿಗೆ ತಿಳಿಯಾಗಿ ಕಾಣುವಾಗಲೇ ಅತಿ ಕೆಟ್ಟದ್ದು.

ಅಮ್ಮನನ್ನು ಬಸ್ಸಿಗೆ ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ಅಂಚೆ ಮೇಷ್ಟ್ರನ್ನೂ. ಬೇಡಿಕೊಳ್ಳುತ್ತೇನೆ. ನಾನು ಸಿಕ್ಕ ಮೊದಲ ಹಡಗಿಗೆ ಹೊರಡುತ್ತೇನೆ.

ಅಣ್ಣ


ಜೂನ್ 19

ಅಣ್ಣಾ,

ನಿನ್ನ ತಂತಿಗಳೂ ಬಂದವು, ಕಾಗದವೂ ಬಂತು. ನೀನು ಆಗಲೇ ಹೊರಟಿದ್ದರೆ ಇದು ನಿನಗೆ ಸಿಗುವುದಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನೀನು ಇಲ್ಲಿ ಬಂದು ನಿಂತಾಗ ಬಾಯಿ ಬಿಟ್ಟು ಹೇಳುವ ಶಕ್ತಿ ನನಗಿರುವುದಿಲ್ಲ.

ಕೇಂದ್ರದ ತಂತಿ ಸಾಹೇಬರ ಮೇಜಿನಲ್ಲೇ ಉಳಿಯಿತು. ಮನೆಯದು ಸೋಮವಾರ ಬೆಳಿಗ್ಗೆ ನಾವು ಆಸ್ಪತ್ರೆಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಕೈಗೆ ಬಂತು. 'ಕೆರೆ ನೀರು ವಿಷ. ಅಮ್ಮನಿಗೆ ಯಂತ್ರ ಬೇಡ.' ನಾನು ಅದನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಓಡಿದೆ, ಅಮ್ಮ ಹಿಂದಿನಿಂದ ನಿಧಾನವಾಗಿ ಬಂದಳು. ಡಾಕ್ಟರಮ್ಮ ಓದಿ ಬೆಚ್ಚಿದರು. ಅವರು ಒಳ್ಳೆಯವರು, ಅವರನ್ನು ಬೈಯಬೇಡ. ತಕ್ಷಣ ಮಂಡಳಿಗೆ ಫೋನ್ ಮಾಡಿದರು.

ಸಾಹೇಬರು ಫೋನಿನಲ್ಲಿ ನಿನ್ನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಎರಡು ಹಾಳೆ, ಸಂಸ್ಥೆಯ ಮುದ್ರೆ, ನಿನ್ನ ಸಹಿ. "ಯಾವುದನ್ನ ನಂಬೋದು ಡಾಕ್ಟ್ರೇ? ಇದನ್ನೋ, ಆರು ಪದದ ತಂತೀನೋ? ಬೇಕಾದ್ರೆ ಆ ಹುಡುಗೀನೇ ಕೇಳಿ, ನೀರು ತಿಳಿ ಆಗಿದೆ ಅಂತ ಹೇಳಿದ್ದು ಅವಳೇ ತಾನೆ?" ಎಂದರು. ಡಾಕ್ಟರಮ್ಮ ನನ್ನ ಮುಖ ನೋಡಿದರು. ಹೌದು, ಹೇಳಿದ್ದು ನಾನೇ. ಆ ದಿನ ಬೆಳಿಗ್ಗೆಯೂ ತಟ್ಟೆ ಒಂಬತ್ತನೇ ಗಂಟಿಗೆ ಕಂಡಿತ್ತು. ಆಗಿನ್ನೂ ನಿನ್ನ ಕಾಗದ ಬಂದಿರಲಿಲ್ಲ, ಮೈಲುತುತ್ತದ ಮಾತು ನನಗೆ ಗೊತ್ತಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

ಬಸ್ಸಿಗೆ ಹೋಗೋಣ ಎಂದು ಅಮ್ಮನನ್ನು ಬೇಡಿಕೊಂಡೆ. ಅವಳ ಮೈಯಲ್ಲಿ ನೀರು ತುಂಬಿ ಪಾದ ಊದಿಕೊಂಡಿತ್ತು, ಉಸಿರು ಕಟ್ಟುತ್ತಿತ್ತು. ಅಷ್ಟು ದೂರ ತಡೆಯುತ್ತಾಳೋ ಇಲ್ಲವೋ ಎಂದು ಡಾಕ್ಟರಮ್ಮನಿಗೂ ಅನುಮಾನ. ಅಮ್ಮ ಸೆರಗಿನಲ್ಲಿ ಸುತ್ತಿ ತಂದಿದ್ದ ನಿನ್ನ ಪತ್ರದ ನಕಲನ್ನು ತೆಗೆದಳು. ಮಂಜುಗಣ್ಣಿನಲ್ಲಿ ಅದನ್ನು ಮೂಗಿನ ಹತ್ತಿರ ಹಿಡಿದು, ಸಹಿಯನ್ನು ಬೆರಳಿನಿಂದ ಹುಡುಕಿದಳು.

"ತಂತೀಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀಬಹುದು ಕಣೇ," ಎಂದಳು. "ಇದು ಅವನ ಕೈ. ನಂಗೆ ಗೊತ್ತಿಲ್ವಾ? ಲೆಕ್ಕದಲ್ಲಿ ಅವನು ಚಿಕ್ಕವನಿದ್ದಾಗ್ಲೂ ತಪ್ಪಿದವನಲ್ಲ." ಹಾಗೆ ಹೇಳಿ ಮಂಚ ಹತ್ತಿ ಮಲಗಿ, ನರ್ಸಿನ ಮುಂದೆ ತಾನೇ ತೋಳು ಚಾಚಿದಳು.

ಬುಧವಾರ ಹೋದಳು. ಕೊನೆಯಲ್ಲಿ ಕಣ್ಣು ಪೂರಾ ಕಾಣುತ್ತಿರಲಿಲ್ಲ, ನನ್ನನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನೀರು ಕೇಳಿದಳು. ಲೋಟದ ಲೆಕ್ಕ ಬಿಟ್ಟು ಕೊಟ್ಟೆ. ನಾನು ಕೊಟ್ಟ ನೀರು ಎಲ್ಲಿಯದು ಎಂದು ಆಮೇಲೆ ನೆನಪಾಯಿತು. ಅಂಚೆ ಮೇಷ್ಟ್ರು ಶುಕ್ರವಾರ ಹೋದರು. ಆ ಕೋಣೆಗೆ ಬರುತ್ತಿದ್ದವರಲ್ಲಿ ಇನ್ನೂ ಕೆಲವರು ಮಲಗಿದ್ದಾರೆ.

ನಿನ್ನ ಮೇಲೆ ನನಗೆ ಎಷ್ಟು ಕೋಪವಿದೆ ಎಂದರೆ ಅದನ್ನು ಬರೆಯುವ ಪದ ಸಿಗುತ್ತಿಲ್ಲ. ನನ್ನ ಮೇಲೆಯೂ ಅಷ್ಟೇ ಇದೆ. ನೀನು ಮೆಚ್ಚಲಿ ಎಂದು ಕಾದೆನಲ್ಲ ಅಣ್ಣಾ, ದೋಣಿಯಲ್ಲಿ ಕೂತು ದಿನಗಟ್ಟಲೆ ಕಾದೆನಲ್ಲ.

ಮಂಡಳಿಯವರು ಯಂತ್ರ ಕೆಟ್ಟಿತ್ತು ಎನ್ನುತ್ತಿದ್ದಾರೆ. ಕೆರೆ ಮತ್ತೆ ಹಸಿರಾಗಿದೆ. ಬಲೆಯವರು ಗಂಟುಮೂಟೆ ಕಟ್ಟಿದರು, ನಡುಕೆರೆಯಲ್ಲಿ ಹಿಡಿಯಲು ಇನ್ನೇನೂ ಉಳಿದಿಲ್ಲವಂತೆ. ಊರು ಅದೇ ನೀರನ್ನು ಕುದಿಸಿ ಕುಡಿಯುತ್ತಿದೆ. ನಾನು ನಿನ್ನ ಕಾಗದ ಹಿಡಿದು ಮನೆಮನೆಗೆ ಹೋಗಿ ಹೇಳುತ್ತಿದ್ದೇನೆ. ಕೆಲವರು ಕೇಳುತ್ತಾರೆ. ಹೆಚ್ಚಿನವರು, ಮಂಡಳಿಯವರು ಹೇಳಲಿ ನೋಡೋಣ ಎನ್ನುತ್ತಾರೆ. ಇವತ್ತು ಸಾಹೇಬರು ನನ್ನನ್ನು ಕರೆಸಿ, ಕುರ್ಚಿ ಕೊಟ್ಟು ಕೂರಿಸಿದರು. ನಿನ್ನಿಂದ ಇನ್ನೊಂದು ಅಭಿಪ್ರಾಯ ಬೇಕಂತೆ, ಕೆರೆ ಈಗ ಸ್ಥಿರವಾಗಿದೆ ಎಂದು. "ಅಂಕಿ ನೀವು ಕಳಿಸಿ, ಸಹಿ ಅವರು ಮಾಡ್ಲಿ," ಎಂದರು.

ಅಲ್ಲಿಂದ ಎದ್ದು ನೇರ ದೋಣಿಗೆ ಹೋದೆ. ತಟ್ಟೆ ಇಳಿಸಿದೆ. ನೀರು ಮುಟ್ಟಿದ್ದೇ ತಡ, ಮೊದಲ ಗಂಟು ಮುಳುಗುವ ಮುಂಚೆಯೇ ಕಾಣದಾಯಿತು. ಮಧ್ಯಾಹ್ನ ಇಳಿಸಿದೆ, ಅಲ್ಲೇ ಕಾಣದಾಯಿತು. ನಡುವೆ ಜೋರು ಗಾಳಿ ಬೀಸಿ ದೋಣಿ ಹೊಯ್ದಾಡಿತು. ಸಂಜೆ ಇಳಿಸಿದೆ, ಅಲ್ಲೇ.

ನಿನ್ನ ಹಿರಿಯರಿಗೆ ತೋರಿಸು. ಈ ಸಲ ಬಂದ ಹಾಗೆಯೇ ಬರೆದಿದ್ದೇನೆ, ಹೊಂದುವ ಅಂಕಿಗಾಗಿ ಕಾಯಬೇಕಾಗಿ ಬರಲಿಲ್ಲ.

ಚೂಟಿ